ಮೇಸ್ತ್ರಿಯ ಹೆಬ್ಬೆರಳು

ಬೆಳಿಗ್ಗೆ ಚೆನ್ನಾಗಿ ದಿಬ್ಬ ಹತ್ತುವ ಟ್ರಾಕ್ಟರ್ ಮಧ್ಯಾಹ್ನ ಹತ್ತುವುದಿಲ್ಲ ಅಂದರೆ ಏನು ಮಾಡುತ್ತೀರಿ? ನಮ್ಮ ಕಡೆಯವರು ಎರಡನೇ ಮಾತಿಲ್ಲದೆ ಅದನ್ನು ಹೆಬ್ಬೆರಳು ಮೇಸ್ತ್ರಿಯ ಶೆಡ್ಡಿಗೆ ಒಯ್ಯುತ್ತಿದ್ದರು. ಮೇಸ್ತ್ರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬೇರೆಯವರು ಅಳತೆಯ ಸಾಮಾನು ಹುಡುಕುವಷ್ಟರಲ್ಲಿ ಅವರು ಬಲಗೈ ಹೆಬ್ಬೆರಳನ್ನು ಒಮ್ಮೆ ಆಡಿಸಿ, ಎಲ್ಲಿ ಸವೆದಿದೆ, ಎಷ್ಟು ಸವೆದಿದೆ ಅಂತ ಹೇಳಿಬಿಡುತ್ತಿದ್ದರು.

ಆ ದಿನ ಬಂದದ್ದು ದಿಬ್ಬದ ತೋಟಗಳಿಗೆ ಗೊಬ್ಬರ ಸಾಗಿಸುವ ಪುಟ್ಟ ಟ್ರಾಕ್ಟರ್. ಓಡಿಸುವವಳು ಒಬ್ಬ ಹೆಣ್ಣುಮಗಳು. ಎಲ್ಲರೂ ಅವಳನ್ನು ಡ್ರೈವರಮ್ಮ ಅಂತಲೇ ಕರೆಯುತ್ತಾರೆ.

"ಬೆಳಗ್ಗೆ ಹುಲಿ, ಮೇಸ್ತ್ರಿಗಳೇ, ಮಧ್ಯಾಹ್ನ ಬೆಕ್ಕು," ಅಂದಳು. "ಇಂಜಿನ್ ಕೂಗುತ್ತೆ. ಚಕ್ರ ಮಾತ್ರ ನನಗೂ ಇದಕ್ಕೂ ಸಂಬಂಧ ಇಲ್ಲ ಅನ್ನೋ ಹಾಗೆ ನಿಂತ್ಕೊಳ್ಳುತ್ತೆ."

"ಎಣ್ಣೆ ಬಿಸಿಯಾದ ಮೇಲೆ ತಾನೇ? ಚಕ್ರದ ಮೋಟಾರು ಸವೆದಿದೆ, ಬಿಡಮ್ಮ."

ಈ ಪುಟ್ಟ ಟ್ರಾಕ್ಟರಿನಲ್ಲಿ ಚಕ್ರವನ್ನು ತಿರುಗಿಸುವುದು ಎಣ್ಣೆ. ಪಂಪು ಎಣ್ಣೆಯನ್ನು ಪೈಪಿನಲ್ಲಿ ಒತ್ತಿ ಕಳಿಸುತ್ತದೆ, ಚಕ್ರದ ಹತ್ತಿರವಿರುವ ಮೋಟಾರು ಆ ಒತ್ತಡದಿಂದ ತಿರುಗುತ್ತದೆ. ಮೋಟಾರು ಸವೆದರೆ ಎಣ್ಣೆ ಒಳಗೊಳಗೇ ಜಾರಿಹೋಗುತ್ತದೆ. ಬಿಸಿಯಾಗಿ ತೆಳ್ಳಗಾದಾಗ ಇನ್ನೂ ಜಾಸ್ತಿ.

ಮೇಸ್ತ್ರಿ ಮೋಟಾರು ಬಿಚ್ಚಿದರು. ಒಳಗಿನ ತಟ್ಟೆಯ ಮೇಲೆ ಹೆಬ್ಬೆರಳ ಉಗುರು ಎಳೆದರು. ಉಗುರು ಗೀರಿಗೆ ಸಿಕ್ಕಿಕೊಂಡಿತು. "ನೋಡು, ಇಲ್ಲೇ ಇದೆ ನಿನ್ನ ಬೆಕ್ಕು." ಎರಡು ದಿನದಲ್ಲಿ ಹೊಸ ತಟ್ಟೆ, ಎಣ್ಣೆ ತಡೆಯುವ ಹೊಸ ಸೀಲು, ಹೊಸ ಫಿಲ್ಟರ್ ಎಲ್ಲ ಕೂತವು.

"ರಬ್ಬರ್ ಪೈಪು?" ಅಂತ ಡ್ರೈವರಮ್ಮ ಕೇಳಿದಳು.

"ಇಷ್ಟು ವರ್ಷ ಇತ್ತಲ್ಲ. ಅದಕ್ಕೇನು ರೋಗ?"

ಎಡವಿದ್ದು ಇಲ್ಲೇ. ಮೋಟಾರು ಸವೆದಿದ್ದಾಗ ಪೈಪಿನಲ್ಲಿ ಪೂರ್ತಿ ಒತ್ತಡ ಏರುತ್ತಲೇ ಇರಲಿಲ್ಲ. ಮೇಸ್ತ್ರಿ ಮೋಟಾರನ್ನು ಎಷ್ಟು ಚೆನ್ನಾಗಿ ರಿಪೇರಿ ಮಾಡಿದ್ದರೆಂದರೆ, ಈಗ ಆ ಒತ್ತಡವೆಲ್ಲ ಹಳೆಯ ಪೈಪಿನ ಮೇಲೆ ಬಿತ್ತು.

ಮೂರನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆ. ಟ್ರಾಕ್ಟರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪರೀಕ್ಷೆಗೆಂದು ಇಂಜಿನ್ ಓಡಿಸಿದ್ದರು. ಪೈಪಿನ ಸುತ್ತ ತೆಳ್ಳಗೆ ಮಂಜಿನಂಥದ್ದು ಕಂಡಿತು. ಎಲ್ಲಿಂದ ಅಂತ ತಿಳಿಯಲಿಲ್ಲ. ಮೇಸ್ತ್ರಿ ಇಂಜಿನ್ ನಿಲ್ಲಿಸಲಿಲ್ಲ. ಮೂವತ್ತು ವರ್ಷದ ಅಭ್ಯಾಸದಂತೆ ಪೈಪಿನ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ತಟ್ಟನೆ ಕೈ ಹಿಂದೆಗೆದರು.

"ಏನಾಯ್ತು?" ಅಂದಳು ಡ್ರೈವರಮ್ಮ.

"ಇರುವೆ ಕಚ್ಚಿದಷ್ಟು." ಬೆರಳ ತುದಿಯಲ್ಲಿ ಒಂದು ಚುಕ್ಕೆ. ರಕ್ತ ಕೂಡ ಬರಲಿಲ್ಲ. ಬಟ್ಟೆಯಲ್ಲಿ ಒರೆಸಿಕೊಂಡು ಇಂಜಿನ್ ಆರಿಸಿದರು. "ಹೋಗಮ್ಮ, ಹೊಸ ಪೈಪು ತಗೊಂಡು ಬಾ. ಸೋತೆ ನಿನ್ನ ಹತ್ರ."

ಮಧ್ಯಾಹ್ನ ಮನೆಯಲ್ಲಿ ಹೆಂಡತಿ ಗಮನಿಸಿದರು. "ರೀ, ಲೋಟ ಯಾಕೆ ಎಡಗೈಲಿ ಹಿಡ್ದಿದೀರಿ?"

"ಆ ಕೈ ಖಾಲಿ ಇತ್ತು, ಹಿಡ್ದೆ."

ಮೂರು ಗಂಟೆಗೆ ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದರು. ನಾಲ್ಕಕ್ಕೆ ಇನ್ನೊಂದು.

ಐದು ಗಂಟೆಗೆ ಹೆಂಡತಿಯ ತಂಗಿ ಡ್ಯೂಟಿ ಮುಗಿಸಿ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಭಾವನನ್ನು ಕೆಣಕದೆ ಒಳಗೆ ಬಂದವಳಲ್ಲ. "ಏನು ಭಾವ, ಹಗಲು ಹೊತ್ತಲ್ಲೇ ಮಹಾರಾಜರ ಹಾಗೆ ಒರಗಿಬಿಟ್ಟಿದೀರಿ?" ಅಂದವಳು ಕೈ ನೋಡಿದ್ದೇ ಪಕ್ಕದಲ್ಲಿ ಕೂತು ಬೆರಳು ಮುಟ್ಟಿ ನೋಡಿದಳು. ಹೆಬ್ಬೆರಳು ಬೆಳ್ಳಗೆ, ತಣ್ಣಗೆ, ಕಲ್ಲಿನಂತೆ ಬಿಗಿದಿತ್ತು. ಊತ ಅಂಗೈ ದಾಟಿತ್ತು.

"ಎಷ್ಟು ಹೊತ್ತಿಗೆ ಆಗಿದ್ದು?"

"ಹನ್ನೊಂದಕ್ಕೆ. ಒಂದು ತೊಟ್ಟು ಎಣ್ಣೆ ಕಣೇ. ದಿನಾ ಮೊಣಕೈವರೆಗೂ ಬಳ್ಕೊಳ್ತೀನಿ ಅದನ್ನ."

"ಹೊರಗೆ ಬಳ್ಕೊಳ್ಳೋದು ಬೇರೆ ಭಾವ. ಇದು ಒತ್ತಡದಲ್ಲಿ ಚರ್ಮ ತೂರಿ ಒಳಗೆ ಹೋಗಿದೆ. ತೂತು ಮುಚ್ಕೊಂಡಿದೆ, ಎಣ್ಣೆ ಒಳಗೇ ಇದೆ. ಅದು ಮಾಂಸಾನ ಸಾಯಿಸ್ತಾ ಹೋಗುತ್ತೆ."

"ಈಗ ನೋವು ಕಮ್ಮಿಯಾಗಿದೆ ಕಣೇ. ಬೆರಳು ಜೋಮು ಹಿಡಿದ ಹಾಗಿದೆ, ಅಷ್ಟೇ."

ಅವಳು ಅಕ್ಕನ ಕಡೆ ತಿರುಗಿದಳು. "ಜೋಮು ಅಂದ್ರೆ ಇನ್ನೂ ಕೆಟ್ಟದ್ದು. ಅಕ್ಕ, ಚಪ್ಪಲಿ ಹಾಕ್ಕೋ. ಆಟೋ ಕರೀತೀನಿ."

ಸರ್ಜನ್ ಕೂಡ ಮೊದಲು ಕೇಳಿದ್ದು ಗಂಟೆ ಎಷ್ಟಾಯಿತು ಅಂತಲೇ. ಕೇಳಿ ತಲೆ ಅಲ್ಲಾಡಿಸಿದರು. "ಆದ ಕೂಡಲೇ ಬಂದಿದ್ರೆ," ಅಂದರು.

ಮೂರು ಆಪರೇಷನ್ ಆಯಿತು. ಹೆಬ್ಬೆರಳು ಹೋಯಿತು. ಪಕ್ಕದ ಬೆರಳೂ ಉಳಿಯಲಿಲ್ಲ.

ಮೇಸ್ತ್ರಿ ಮನೆಗೆ ಬಂದರು. ಅಂಗಿಯ ಗುಂಡಿ ಹೆಂಡತಿ ಹಾಕಬೇಕು. ಸ್ಪ್ಯಾನರ್ ಹಿಡಿದರೆ ಜಾರಿ ಬೀಳುತ್ತದೆ. ಒಂದು ದಿನ ಶೆಡ್ಡಿನ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರು. ಹೆಂಡತಿ ಹೋಗಿ ನೋಡಿದರೆ, ಬೀಗದ ಕೈ ಬೀಗದಲ್ಲೇ ಇತ್ತು.

"ಇದನ್ನ ತಿರುಗಿಸೋಕೂ ಅದೇ ಬೇಕು ಅಂತ ನನಗೆ ಗೊತ್ತಿರ್ಲಿಲ್ಲ ಕಣೆ," ಅಂದರು. "ಮೂವತ್ತು ವರ್ಷ ಕಲಿತಿದ್ದೆಲ್ಲ ಆ ಬೆರಳಲ್ಲಿತ್ತು."

ಆಕೆ ಬೀಗ ತೆಗೆದರು.

ಟ್ರಾಕ್ಟರ್ ಸ್ಟ್ಯಾಂಡಿನ ಮೇಲೆ ಹಾಗೇ ನಿಂತಿತ್ತು. ಕೆಲ ದಿನಗಳ ನಂತರ ಡ್ರೈವರಮ್ಮ ಹೊಸ ಪೈಪಿನ ಚೀಲ ಹಿಡಿದು ಬಂದಳು. "ಮೇಸ್ತ್ರಿಗಳೇ, ನಾನೇ ಹಾಕ್ತೀನಿ. ನೀವು ಕೂತು ಹೇಳಿ."

ಮೇಸ್ತ್ರಿ ಸ್ಟೂಲಿನ ಮೇಲೆ ಕೂತರು. ಗೋಡೆ ನೋಡುತ್ತಾ ಹೇಳಿದರು: "ಇಂಜಿನ್ ಆರಿಸಿದೆ ತಾನೇ? ಲಿವರ್‌ಗಳನ್ನ ಹಿಂದೆ ಮುಂದೆ ಆಡಿಸು, ಒತ್ತಡ ಇಳೀಲಿ. ಆಮೇಲೆ ಬಿಚ್ಚು."

ಪೈಪು ಕೂತಿತು. ಸೋರುತ್ತದೋ ಇಲ್ಲವೋ ನೋಡಬೇಕು. ನರ್ಸು ತಂಗಿ ಹೇಳಿಕೊಟ್ಟಂತೆ ಹೆಂಡತಿ ಕೋಲಿನ ತುದಿಗೆ ಒಂದು ರಟ್ಟು ಕಟ್ಟಿದರು. ಮೋಟಾರಿನ ಹೊಸ ಸೀಲುಗಳು ಬಂದಿದ್ದ ಡಬ್ಬದ ರಟ್ಟು. ಡ್ರೈವರಮ್ಮ ಕಣ್ಣಿನ ರಕ್ಷಣೆಗೆ ಕನ್ನಡಕ ಹಾಕಿ, ಇಂಜಿನ್ ಓಡಿಸಿ, ದೂರ ನಿಂತು ಅದನ್ನು ಪೈಪುಗಳ ಪಕ್ಕ ಹಾಯಿಸಿದಳು. ಹೊಸ ಪೈಪಿನ ಹತ್ತಿರ ಏನಿಲ್ಲ. ಅದರ ಜೊತೆಯದೇ ಇನ್ನೊಂದು ಹಳೆಯ ಪೈಪಿನ ಹತ್ತಿರ ಬಂದಾಗ, ರಟ್ಟಿನ ಮೇಲೆ ಸಣ್ಣದೊಂದು ಒದ್ದೆ ಗೆರೆ ಮೂಡಿತು. ಇಂಜಿನ್ ಆರಿಸಿದಳು. ಎಣಿಸಿದರೆ ಒಂದು ನಿಮಿಷವೂ ಆಗಿರಲಿಲ್ಲ.

"ಕೊಡು ಇಲ್ಲಿ," ಅಂದರು ಮೇಸ್ತ್ರಿ. ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಗೆರೆಯನ್ನು ಮುಟ್ಟಿ ನೋಡಲು ಬಲಗೈ ಚಾಚಿದರು. ಮುಟ್ಟುವ ಬೆರಳು ಅಲ್ಲಿರಲಿಲ್ಲ. ಕೈ ಹಾಗೇ ಗಾಳಿಯಲ್ಲಿ ನಿಂತಿತು.

"ಈ ಡಬ್ಬ ಅವತ್ತು ನನ್ನ ಮೊಣಕಾಲಿನ ಹತ್ರಾನೇ ಬಿದ್ದಿತ್ತು," ಅಂದರು.

ಇನ್ನೊಂದು ಪೈಪೂ ಬದಲಾಯಿತು. ಈಗ ಟ್ರಾಕ್ಟರ್ ಮಧ್ಯಾಹ್ನದ ಬಿಸಿಲಲ್ಲೂ ದಿಬ್ಬ ಹತ್ತುತ್ತದೆ. ಮೇಸ್ತ್ರಿ ಅದನ್ನು ನೋಡಲು ಹೊರಗೆ ಬರುವುದಿಲ್ಲ. ಆದರೆ ಯಾರಾದರೂ ಮೆಕ್ಯಾನಿಕ್ ಶೆಡ್ಡಿಗೆ ಬಂದರೆ, ಬಾಗಿಲ ಮೊಳೆಗೆ ನೇತುಹಾಕಿರುವ ರಟ್ಟಿನ ಕಡೆ ತಮ್ಮ ಬಲಗೈ ತೋರಿಸುತ್ತಾರೆ. ಮಾತು ಬೇಕಾಗುವುದಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಟ್ರಾಕ್ಟರ್ ಇಟ್ಟವರೇ, ರಿಪೇರಿ ಮಾಡುವವರೇ. ಒತ್ತಡದ ಎಣ್ಣೆ ಸೋರುವ ಜಾಗವನ್ನು ಕೈಯಿಂದ ಹುಡುಕಬೇಡಿ, ದಪ್ಪ ಕೈಗವಸು ಇದ್ದರೂ ಬೇಡ. ಕೋಲಿಗೆ ಕಟ್ಟಿದ ರಟ್ಟು ಸಾಕು. ಬಿಚ್ಚುವ ಮೊದಲು ಇಂಜಿನ್ ಆರಿಸಿ, ಒತ್ತಡ ಇಳಿಸಿ. ಮೋಟಾರು ಹೊಸತು ಮಾಡಿದರೆ ಹಳೆಯ ಪೈಪುಗಳನ್ನೂ ನೋಡಿಕೊಳ್ಳಿ. ಇಷ್ಟಾದರೂ ಎಣ್ಣೆ ಚುಚ್ಚಿದರೆ, ಚುಕ್ಕೆ ಎಷ್ಟೇ ಚಿಕ್ಕದಿರಲಿ, ನೋವಿಗೆ ಕಾಯಬೇಡಿ. ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಿ, "ಒತ್ತಡದ ಎಣ್ಣೆ ಒಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳಿ.

ಇದನ್ನು ಓದಿ ಮುಗಿಸಿದ ಮೇಲೆ ಒಂದು ಖಾಲಿ ರಟ್ಟಿನ ಡಬ್ಬ ಹುಡುಕಿ. ನಿಮ್ಮ ಮನೆಯಲ್ಲೂ ಒಂದು ಇದ್ದೇ ಇರುತ್ತದೆ. ಕತ್ತರಿಸಿ, ಕೋಲಿಗೆ ಕಟ್ಟಿ, ಟ್ರಾಕ್ಟರ್ ನಿಲ್ಲುವ ಕಡೆ ಇವತ್ತೇ ನೇತುಹಾಕಿ.