ಇಂದು ಕಲಿತ ವಿಷಯ

ಪ್ಲಾಸ್ಟಿಕ್ ಕುರ್ಚಿ ಹಗುರ ಅನ್ನುವವರು ಜನ್ಮದಲ್ಲಿ ಒಂದೇ ಒಂದು ಕುರ್ಚಿ ಎತ್ತಿದವರು. ಐದೈದನ್ನು ಒಂದರೊಳಗೊಂದು ತುರುಕಿ, ಎದೆಗೆ ಒತ್ತಿಕೊಂಡು, ಮುಂದಿನ ಮೆಟ್ಟಿಲು ಕಾಣದೆ ಕಾಲಲ್ಲೇ ತಡವಿಕೊಂಡು ಎರಡನೇ ಮಹಡಿ ಹತ್ತಿ ನೋಡಲಿ, ಆಮೇಲೆ ಮಾತಾಡಲಿ. ಅದೂ ಮುನ್ನೂರು ಕುರ್ಚಿ. ಎತ್ತುವವರು ಹನ್ನೊಂದು ಜನ ಕಾಲೇಜು ಹುಡುಗಿಯರು. ಲಿಫ್ಟ್ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಇತ್ತು. ಅದರ ಬಾಗಿಲಿಗೆ ‘ಅತಿಥಿಗಳಿಗೆ ಮಾತ್ರ’ ಅಂತ ಚೀಟಿ ಅಂಟಿಸಿತ್ತು. ಆ ಚೀಟಿಯನ್ನು ದುಂಡಗೆ ಬರೆದು ಅಂಟಿಸಿದವಳೂ ಪಟಾಕಿಯೇ.

ಪಟಾಕಿ ಅನ್ನುವುದು ಬೀದಿಯವರು ಅವಳಿಗಿಟ್ಟ ಹೆಸರು. ಒಂಬತ್ತನೇ ತಿಂಗಳಿಗೇ ಮಾತು ಶುರು ಮಾಡಿದ ಹುಡುಗಿ. ನಿಲ್ಲಿಸಿದ್ದನ್ನು ಇದುವರೆಗೆ ಯಾರೂ ಕಂಡಿಲ್ಲ. ಈಗ ಡಿಗ್ರಿ ಕೊನೆಯ ವರ್ಷ. ಯಾವುದಾದರೂ ಸೇವಾ ಸಂಸ್ಥೆಯಲ್ಲಿ ಇನ್ನೂರ ನಲವತ್ತು ಗಂಟೆ ಇಂಟರ್ನ್‌ಶಿಪ್ ಮಾಡಿ ಸರ್ಟಿಫಿಕೇಟ್ ತರಬೇಕು, ತಂದರೆ ಮಾತ್ರ ಅಂಕಪಟ್ಟಿ ಅಂತ ಕಾಲೇಜಿನವರು ಹೊಸ ನಿಯಮ ಮಾಡಿದ್ದರು. ಅಂಕಪಟ್ಟಿ ತೋರಿಸಿದರೆ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಅವಳಿಗೊಂದು ಕೆಲಸ ಕಾಯುತ್ತಿತ್ತು. ಮೂರನೇ ತಿಂಗಳ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಅಂದಿದ್ದರು. ಆ ಕೆಲಸ ಸಿಕ್ಕರೆ ಅಮ್ಮ ಗಾರ್ಮೆಂಟ್ಸ್ ಬಿಡಬಹುದಿತ್ತು. ಇಪ್ಪತ್ತೆರಡು ವರ್ಷ ಶರ್ಟಿನ ಕಾಲರ್ ಹೊಲಿದು ಹೊಲಿದು ಅಮ್ಮನ ಕಣ್ಣು ಮಂಜಾಗಿತ್ತು. ಸೂಜಿಗೆ ದಾರ ಪೋಣಿಸಲು ಪಕ್ಕದ ಮಿಷನ್ನಿನವಳನ್ನು ಕದ್ದು ಕರೆಯುತ್ತಿದ್ದಳು. ಸೂಪರ್‌ವೈಸರ್ ಕಣ್ಣಿಗೆ ಬಿದ್ದ ದಿನ ಅವಳ ಕೆಲಸ ಹೋದ ಹಾಗೆಯೇ.

ಪಟಾಕಿ ಸೇರಿದ ಸಂಸ್ಥೆ ಶ್ರಮಿಕರ ಹಕ್ಕಿಗಾಗಿ ಹೋರಾಡುವ ಸಂಸ್ಥೆ. ಹೋರಾಟದ ಮುಂದಾಳು ನಿರ್ದೇಶಕಿ. ವಯಸ್ಸು ಅಮ್ಮನಿಗಿಂತ ನಾಲ್ಕು ವರ್ಷ ಹೆಚ್ಚೇ.

“ಮೇಡಂ ಅನ್ಬೇಡಿ, ಅಕ್ಕ ಅನ್ನಿ,” ಅಂದರು ಮೊದಲನೇ ದಿನವೇ. “ಇಲ್ಲಿ ಯಜಮಾನ್ರು, ಆಳು ಅಂತ ಇಲ್ಲ. ನಾವೆಲ್ಲ ಒಂದೇ ಕುಟುಂಬ.”

“ಸರಿ ಅಕ್ಕ.”

“ಹ್ಞಾಂ, ಹಾಗೆ. ಹೋಗಿ ಎಲ್ರಿಗೂ ಟೀ ತಗೊಂಡು ಬಾ ಮಗಳೇ.”

ಮನೆಗೆ ಬಂದು ಹೇಳಿದರೆ ಅಮ್ಮ ಹಣೆ ಗಂಟಿಕ್ಕಿದಳು. “ನಿಂಗೆ ಅವಳು ಅಕ್ಕ. ಅವಳಿಗೆ ನೀನು ಮಗಳು. ಇದ್ಯಾವ ಸೀಮೆ ನೆಂಟಸ್ತನವೇ?”

“ಕುಟುಂಬ ಅಂತಮ್ಮ.”

“ಹಾಗನ್ನು. ಕುಟುಂಬ ಅಂದ್ಮೇಲೆ ಸಂಬಳ ಕೇಳೋ ಹಾಗಿಲ್ಲ. ನಂಗೊತ್ತಿಲ್ವಾ, ನಿಮ್ಮಪ್ಪನ ಮನೇಲಿ ನಾನೂ ಕುಟುಂಬವೇ ಆಗಿದ್ದೆ.”

ಕುರ್ಚಿ ಆಯಿತು. ‘ಬಿಟ್ಟಿ ದುಡಿಮೆ ನಿಲ್ಲಲಿ’ ಅನ್ನುವ ಕರಪತ್ರ ನಾಲ್ಕು ಸಾವಿರ ಮಡಚಿದ್ದಾಯಿತು, ಬಿಟ್ಟಿಯಾಗಿಯೇ. ಅಕ್ಕನವರ ನಾಯಿಗೆ ಸ್ನಾನ ಆಯಿತು. ಅಕ್ಕನವರ ಮಗನ ಶಾಲೆಗೆ ಮಣ್ಣಿನ ಜ್ವಾಲಾಮುಖಿ ಮಾಡಿಕೊಟ್ಟದ್ದೂ ಆಯಿತು. ಹುಡುಗಿಯರ ಹೆಸರು ಅಲ್ಲಿ ಯಾರಿಗೂ ಬೇಕಿರಲಿಲ್ಲ. “ಇಂಟರ್ನ್!” ಅಂತ ಒಳಗಿಂದ ಕೂಗಿದರೆ ಹನ್ನೊಂದು ತಲೆ ಒಟ್ಟಿಗೆ ತಿರುಗುತ್ತಿದ್ದವು, ಹನ್ನೊಂದಕ್ಕೂ ಕೆಲಸ ಸಿಗುತ್ತಿತ್ತು.

ಆರು ವಾರ ಕಳೆದ ಮೇಲೆ ಪಟಾಕಿ ಅಕ್ಕನವರ ಮೇಜಿನ ಮುಂದೆ ನಿಂತಳು.

“ಅಕ್ಕ, ನನ್ನ ಇನ್ನೂರ ನಲವತ್ತು ಮುಗೀತು ಅನ್ಸುತ್ತೆ.”

ಅಕ್ಕ ದಿನಚರಿ ಹಾಳೆಗಳ ಕಟ್ಟು ಎಳೆದುಕೊಂಡರು. ಒಂದೊಂದು ದಿನಕ್ಕೆ ಒಂದೊಂದು ಹಾಳೆ. ಅದರಲ್ಲಿ ಎರಡು ಕಾಲಂ: ‘ಮಾಡಿದ ಕೆಲಸ’, ‘ಇಂದು ಕಲಿತ ವಿಷಯ’. ಕೆಳಗೆ ನಿರ್ದೇಶಕರ ಸಹಿ, ಮೊಹರು.

“ಅರವತ್ತೆರಡು ಗಂಟೆ ಆಗಿದೆ ಮಗಳೇ.”

“ಅರವತ್ತೆರಡಾ? ದಿನಾ ಎಂಟು ಗಂಟೆ ಬಂದಿದೀನಲ್ಲ ಅಕ್ಕ!”

“ಬಂದಿದ್ದೀಯ, ಇಲ್ಲ ಅನ್ನಲ್ಲ. ಆದ್ರೆ ನೋಡು, ಮುಕ್ಕಾಲು ಹಾಳೇಲಿ ಕಲಿತ ವಿಷಯ ಖಾಲಿ ಬಿಟ್ಟಿದೀಯ. ಇಂಟರ್ನ್‌ಶಿಪ್ ಅಂದ್ರೆ ದುಡಿಮೆ ಅಲ್ಲ, ಕಲಿಕೆ. ಕಲೀದೆ ಇದ್ದ ಗಂಟೇನ ನಾನು ಹೇಗೆ ಗಂಟೆ ಅನ್ಲಿ?”

ಪಟಾಕಿಗೆ ಮೈಯೆಲ್ಲ ಉರಿಯಿತು. ಕುರ್ಚಿ ಹೊತ್ತು ಏನು ಕಲಿಯಬೇಕಿತ್ತು ಅಂತ ಕೇಳಲು ಬಾಯಿ ತೆರೆದಳು. ಅಮ್ಮನ ಮಂಜುಗಣ್ಣು ನೆನಪಾಯಿತು. ಬಾಯಿ ಮುಚ್ಚಿಕೊಂಡು ಹೊರಗೆ ಬಂದಳು.

ಉಗ್ರಾಣದಲ್ಲಿ ದೊಡ್ಡಮ್ಮ ಟೀ ಲೋಟ ಒರೆಸುತ್ತಿದ್ದಳು. ಒಂಬತ್ತು ವರ್ಷದಿಂದ ಅಲ್ಲಿ ಗುಡಿಸಿ, ಒರೆಸಿ, ಟೀ ಕೊಡುವ ಹೆಂಗಸು. ಎಲ್ಲರೂ ಅವಳನ್ನು ಕರೆಯುವುದೇ ದೊಡ್ಡಮ್ಮ ಅಂತ. ರಿಜಿಸ್ಟರಿನಲ್ಲಿ ಮಾತ್ರ ‘ಸ್ವಯಂಸೇವಕಿ’. ಅಕ್ಕನವರಿಗೆ ನೆನಪಾದ ತಿಂಗಳು ಒಂದು ಲಕೋಟೆ ಕೈಗಿಡುತ್ತಿದ್ದರು, ಅದಕ್ಕೆ ಗೌರವಧನ ಅಂತ ಹೆಸರು. “ಅದರಲ್ಲಿ ಧನ ಕಾಣಲ್ಲ, ಗೌರವವೂ ಕಾಣಲ್ಲ, ಬರೀ ಲಕೋಟೆ ಚೆನ್ನಾಗಿರುತ್ತೆ,” ಅನ್ನುವುದು ದೊಡ್ಡಮ್ಮನ ಮಾತು.

ಪಟಾಕಿ ಅತ್ತುಕೊಂಡೇ ಎಲ್ಲ ಹೇಳಿದಳು. ದೊಡ್ಡಮ್ಮ ಲೋಟ ಒರೆಸುವುದು ನಿಲ್ಲಿಸಲಿಲ್ಲ.

“ಅಳ್ತೀಯಲ್ಲೇ ಪೆದ್ದಿ. ಖಾಲಿ ಬಿಟ್ಟಿದ್ದೇ ತಪ್ಪು ಅಂದ್ರೆ ತುಂಬು.”

“ಏನಂತ ತುಂಬಲಿ ದೊಡ್ಡಮ್ಮ?”

“ನಂಗೇನು ಗೊತ್ತು? ಏನು ಕಲಿತ್ಯೋ ಅದನ್ನ ಬರಿ. ಅವರೇನು ಓದ್ತಾರೆ ಅಂದ್ಕೊಂಡ್ಯಾ? ಕಾಲಂ ಖಾಲಿ ಇದ್ಯಾ, ತುಂಬಿದ್ಯಾ, ಅಷ್ಟೇ ನೋಡೋದು. ಫೋನಲ್ಲಿ ಮಾತಾಡ್ತಾ ಸಹಿ ಹಾಕ್ತಾರೆ. ಮೊಹರು ಒತ್ತೋಳು ನಾನೇ ಅಲ್ವಾ.”

ಪಟಾಕಿ ಕಣ್ಣೊರೆಸಿಕೊಂಡಳು. ತುಟಿಯ ತುದಿಗೆ ನಗು ಬಂತು. ಆ ನಗು ಬಂದರೆ ಏನೋ ಕಾದಿದೆ ಅಂತ ಅವಳ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಪಾಪ, ಅಕ್ಕನವರಿಗೆ ಗೊತ್ತಿರಲಿಲ್ಲ.

ಅವತ್ತೇ ಸಂಜೆ ಹಳೆಯ ಹಾಳೆಗಳನ್ನೆಲ್ಲ ಮುಂದೆ ಹರಡಿಕೊಂಡು ಕೂತಳು. ಕೆಲಸ: ನಾಯಿಗೆ ಸ್ನಾನ. ಕಲಿತ ವಿಷಯ: ನಾಯಿ ಮೈ ಕೊಡವುವ ಮೊದಲು ಒಂದು ಸಲ ಸೀನುತ್ತದೆ, ಆಗಲೇ ಹಿಂದೆ ಸರಿಯಬೇಕು. ಬರೆದದ್ದೆಲ್ಲ ಸತ್ಯ. ಒಂದಕ್ಷರ ಸುಳ್ಳಿಲ್ಲ. ಮಾರನೇ ದಿನ ಅಕ್ಕ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಇಪ್ಪತ್ತೆರಡು ಹಾಳೆಗೆ ಒಂದೇ ಉಸಿರಲ್ಲಿ ಸಹಿ ಎಳೆದರು. ಅರವತ್ತೆರಡಿದ್ದದ್ದು ಒಂದೇ ಬೆಳಗಿಗೆ ಇನ್ನೂರು ದಾಟಿತು. ಕಂಡು ಉಳಿದ ಹತ್ತು ಹುಡುಗಿಯರು ಬಿಡುತ್ತಾರೆಯೇ? ಉಗ್ರಾಣದಲ್ಲಿ ದಿನಾ ಸಂಜೆ ಹತ್ತು ನಿಮಿಷ ಬರೆಯುವುದು, ಬಾಯಿಗೆ ದುಪ್ಪಟ್ಟ ತುರುಕಿಕೊಂಡು ನಗುವುದು. ಮೂರು ತಿಂಗಳಲ್ಲಿ ಅವರಿಗೆ ಆ ಕಟ್ಟಡದಲ್ಲಿ ಸಿಕ್ಕ ಖುಷಿ ಅಂದರೆ ಅದೊಂದೇ.

ಗಂಟೆ ಮುಗಿಯಿತು. ಸರ್ಟಿಫಿಕೇಟ್ ಮುದ್ರಣವೂ ಆಯಿತು. ಸಹಿ ಮಾತ್ರ ಆಗಲಿಲ್ಲ.

“ಇಪ್ಪತ್ತೆಂಟಕ್ಕೆ ದೊಡ್ಡ ಸಂಸ್ಥೆಯಿಂದ ತಪಾಸಣೆಗೆ ಬರ್ತಾರೆ,” ಅಂದರು ಅಕ್ಕ. “ನಮ್ಗೆ ಹಣ ಕೊಡೋರು ಅವ್ರೇ. ಅಲ್ಲೀವರ್ಗೂ ಎಲ್ರೂ ಇರಬೇಕು. ಅವರ ಮುಂದೇನೇ ಸಹಿ ಹಾಕಿ ಕೊಡ್ತೀನಿ. ಚೆನ್ನಾಗಿ ನಡ್ಕೊಂಡೋರಿಗೆ.”

ಆ ಕೊನೆಯ ಮಾತನ್ನು ಅವರು ಪಟಾಕಿಯ ಮುಖ ನೋಡಿಕೊಂಡೇ ಹೇಳಿದರು. ಆಸ್ಪತ್ರೆಯವರು ಕೊಟ್ಟ ಗಡುವಿಗೆ ಆಗ ಉಳಿಯುವುದು ಎರಡೇ ದಿನ.

ಇಪ್ಪತ್ತೆಂಟು ಬಂತು. ತಪಾಸಣೆ ಮೇಡಂ ದಪ್ಪ ಕನ್ನಡಕದ ಹೆಂಗಸು, ಕಂಡದ್ದನ್ನೆಲ್ಲ ಓದುವ ಸ್ವಭಾವ. ಗೋಡೆಯ ಮೇಲಿನ ಭಿತ್ತಿಪತ್ರ ಓದಿದರು. ಲಿಫ್ಟಿನ ಬಾಗಿಲ ಚೀಟಿ ಓದಿದರು. ಅಕ್ಕ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರು. ಮೇಜಿನ ಮೇಲೆ ಹನ್ನೊಂದು ಸರ್ಟಿಫಿಕೇಟು, ಪಕ್ಕದಲ್ಲಿ ಪೆನ್ನು.

“ಇವರೆಲ್ಲ ನಮ್ಮ ಯುವ ಕಲಿಕೆ ಯೋಜನೆಯ ಮಕ್ಕಳು,” ಅಂದರು ಅಕ್ಕ. ಪಟಾಕಿಯ ಭುಜ ಹಿಡಿದು ಮುಂದಕ್ಕೆ ತಂದರು. “ಈ ಮಗೂನೇ ನೋಡಿ. ತಾಯಿ ಗಾರ್ಮೆಂಟ್ಸಲ್ಲಿ ಹೊಲಿಯೋಳು. ಮನೇಲಿ ಓದಿದೋರಿಲ್ಲ. ಇಲ್ಲಿಗೆ ಬಂದಾಗ ಇವಳಿಗೆ ಬಾಯಲ್ಲಿ ಮಾತೇ ಬರ್ತಿರಲಿಲ್ಲ, ಪಾಪ. ಕೈಕಾಲು ನಡುಗೋದು. ಮಾತಾಡೋದನ್ನ ನಾವೇ ಕಲಿಸಿದ್ದು.”

ಮಾತು ಬರುತ್ತಿರಲಿಲ್ಲವಂತೆ! ಪಟಾಕಿಗೆ! ಸಾಲಿನ ಹಿಂದೆ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಪಟಾಕಿಗೆ ನಗು ಬರಲಿಲ್ಲ. ಅಮ್ಮನನ್ನು ಅಷ್ಟು ದೂರದ ಕಚೇರಿಗೆ ಎಳೆದು ತಂದು ಎಲ್ಲರ ಮುಂದೆ ಕೈಲಾಗದವಳಾಗಿ ನಿಲ್ಲಿಸಿದಂತಾಯಿತು ಅವಳಿಗೆ.

“ದಾಖಲೆ ಇದ್ಯಾ?” ಅಂದರು ತಪಾಸಣೆ ಮೇಡಂ.

“ಇಲ್ದೆ ಉಂಟಾ! ದಿನದಿನದ ಕಲಿಕೆ ಹಾಳೇಲಿದೆ. ಪ್ರತಿಯೊಂದಕ್ಕೂ ನನ್ನ ಸಹಿ.” ಅಕ್ಕ ದಪ್ಪ ಕಡತವನ್ನು ಹೆಮ್ಮೆಯಿಂದ ತಟ್ಟಿದರು. “ಓದು ಮಗಳೇ, ಯಾವುದಾದ್ರೂ ಒಂದು.”

ಯಾವುದನ್ನು ಓದಬೇಕೆಂದು ಹಿಂದಿನ ದಿನವೇ ಪಾಠ ಆಗಿತ್ತು. ಕಡತದ ಮೇಲುಗಡೆಯೇ ಒಂದು ಹೊಳೆಯುವ ಹಾಳೆ ಇಟ್ಟಿದ್ದರು: ‘ನಾಯಕತ್ವ ಮತ್ತು ಆತ್ಮವಿಶ್ವಾಸವನ್ನು ಕಲಿತೆನು.’ ಅದನ್ನು ಓದಿದರೆ ಸರ್ಟಿಫಿಕೇಟ್ ಕೈಗೆ, ಅಮ್ಮ ಮನೆಗೆ. ಪಟಾಕಿ ಒಂದು ಗಳಿಗೆ ಆ ಹಾಳೆಯನ್ನೇ ನೋಡಿದಳು. ಹೊಳೆಯುವ ಹಾಳೆಯನ್ನು ಮಗುಚಿ ಪಕ್ಕಕ್ಕಿಟ್ಟಳು.

“ಹದಿನೇಳನೇ ದಿನ,” ಅಂತ ದೊಡ್ಡದಾಗಿ ಓದಿದಳು. “ಮಾಡಿದ ಕೆಲಸ: ಶ್ರಮಿಕರ ಹಕ್ಕಿನ ಸಭೆಗೆ ಮುನ್ನೂರು ಕುರ್ಚಿ ಹೊತ್ತದ್ದು. ಕಲಿತ ವಿಷಯ: ಶ್ರಮಿಕರ ಹಕ್ಕಿನ ಭಾಷಣ ಎರಡನೇ ಮಹಡಿಯಲ್ಲಿ ನಡೆಯುತ್ತದೆ. ಕೆಳಗಡೆ ಕೇಳಿಸುವುದಿಲ್ಲ.”

ಪಟಾಕಿ ಹಾಳೆ ತಿರುವಿದಳು.

“ಇಪ್ಪತ್ತೊಂದನೇ ದಿನ. ಮಾಡಿದ ಕೆಲಸ: ಅಕ್ಕನವರ ಮಗನಿಗೆ ಜ್ವಾಲಾಮುಖಿ. ಕಲಿತ ವಿಷಯ: ಹತ್ತಕ್ಕೆ ಒಂಬತ್ತು ಬಂದರೆ ಒಂಬತ್ತು ಅವನದು, ಹೋದ ಒಂದು ನನ್ನದು.”

“ಏ ಏ, ಇದೇನಿದು, ಮಕ್ಕಳು ತಮಾಷೆಗೆ…” ಅಕ್ಕ ಕಡತಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಕೆಮ್ಮಿದ್ದ ಹುಡುಗಿ ತನ್ನ ಹಾಳೆ ಎಳೆದುಕೊಂಡಾಗಿತ್ತು.

“ನನ್ನ ಒಂಬತ್ತನೇ ದಿನ. ಅಕ್ಕನವರ ಮನೆ ಪರದೆ ಒಗೆದೆ. ಕಲಿತ ವಿಷಯ: ಅಕ್ಕನವರ ಮನೆಗೆ ಹದಿನಾಲ್ಕು ಕಿಟಕಿ.”

ಆಮೇಲೆ ಯಾರು ಯಾರನ್ನು ತಡೆಯುತ್ತಾರೆ? ಒಬ್ಬಳಾದ ಮೇಲೆ ಒಬ್ಬಳು. ತರಕಾರಿ ತಂದವಳು, ಅಕ್ಕನವರ ಅತ್ತೆಯ ಕಾಲೊತ್ತಿದವಳು, ಅಕ್ಕನವರ ಭಾಷಣ ಬರೆದು ಅದೇ ಭಾಷಣಕ್ಕೆ ಚಪ್ಪಾಳೆ ತಟ್ಟಿದವಳು. ಕೊನೆಯವಳು ಓದಿ ಮುಗಿಸುವ ಹೊತ್ತಿಗೆ ಅಕ್ಕನವರ ಮುಖ ಬಿಳುಚಿಕೊಂಡಿತ್ತು.

“ಸಹಿ ನಿಮ್ಮದೇನಾ?” ಕೇಳಿದರು ತಪಾಸಣೆ ಮೇಡಂ.

“ನನ್ನದೇ… ಆದ್ರೆ ಓದಿರಲಿಲ್ಲ.”

ಮೇಡಂ ಕತ್ತೆತ್ತಿ ಗೋಡೆ ನೋಡಿದರು. ಗೋಡೆಯ ಮೇಲಿನ ಭಿತ್ತಿಪತ್ರದಲ್ಲಿ ಅಕ್ಕನವರೇ ಬೆರಳು ತೋರಿಸಿಕೊಂಡು ನಿಂತಿದ್ದರು: ‘ಕಾರ್ಮಿಕರೇ, ಓದದೆ ಎಲ್ಲಿಯೂ ಸಹಿ ಹಾಕಬೇಡಿ!’

“ಸಹಿ ಸುಳ್ಳು ಅಂದ್ರೆ ನಿಮ್ಮ ಯೋಜನೆಯೇ ಸುಳ್ಳು,” ಅಂದರು ಮೇಡಂ. “ಸಹಿ ನಿಜ ಅಂದ್ರೆ ಗಂಟೆಗಳೂ ನಿಜ. ಯಾವುದು ಹೇಳಿ.”

“ಅಕ್ಕ, ಪೆನ್ನು ಅಲ್ಲೇ ಇದೆ,” ಅಂದಳು ಪಟಾಕಿ.

ಅಕ್ಕ ಕೂತರು. ಜನ್ಮದಲ್ಲಿ ಮೊದಲ ಸಲ ಸಾಲು ಸಾಲಿಗೂ ಬೆರಳಿಟ್ಟು ಓದಿ, ಹನ್ನೊಂದಕ್ಕೂ ಸಹಿ ಹಾಕಿದರು. ಅರ್ಧ ಗಂಟೆ ಹಿಡಿಯಿತು. ಪಟಾಕಿ ತನ್ನದನ್ನು ಮಡಚಲಿಲ್ಲ, ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡಲೂ ಇಲ್ಲ.

ತಪಾಸಣೆ ಮೇಡಂ ಎದ್ದು ಬಂದು ಅವಳ ಬೆನ್ನು ತಟ್ಟಿದರು. “ಭೇಷ್. ನಿನ್ನಂಥ ಧೈರ್ಯದ ಹುಡುಗೀರು ನಮ್ಮ ಆಫೀಸಿಗೆ ಬೇಕಮ್ಮ. ನೀವೆಲ್ರೂ ಬನ್ನಿ. ಆರು ತಿಂಗಳು.”

“ಸಂಬಳ ಎಷ್ಟು ಮೇಡಂ?”

“ಸಂಬಳ ಅಂತ ಇರಲ್ಲ. ಇಂಟರ್ನ್‌ಶಿಪ್ ಅಲ್ವಾ. ಆದ್ರೆ ಎಂಥಾ ಅನುಭವ…”

ಪಟಾಕಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನಗು ಉಕ್ಕಿ ಬಂತು. “ಮೇಡಂ, ನಿಮಗೆ ಸಂಬಳ ಇದ್ಯಾ?” ಅಂತ ಕೇಳಿದಳು.

ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. ಹುಡುಗಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗುವಿನ ನಡುವೆಯೇ ದೊಡ್ಡಮ್ಮ ಟೀ ಟ್ರೇ ಹಿಡಿದು ಬಂದಳು. ಮೇಜಿನ ಮೇಲೆ ಟ್ರೇ ಇಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು. ಮುಂದಿನ ಸಾಲಿನಲ್ಲಿ, ತಪಾಸಣೆ ಮೇಡಂ ಎದ್ದು ಬಂದ ಕುರ್ಚಿಯಲ್ಲೇ ಹೋಗಿ ಕೂತಳು.

“ದೊಡ್ಡಮ್ಮ, ಏನಿದು? ಏಳಿ, ಟೀ ಕೊಡಿ ಎಲ್ರಿಗೂ,” ಅಂದರು ಅಕ್ಕ.

“ಅನುಭವ ನನ್ನ ಹತ್ರ ಒಂಬತ್ತು ವರ್ಷದ್ದಿದೆ,” ಅಂದಳು ದೊಡ್ಡಮ್ಮ. “ಬೇಕಾದ್ರೆ ಅದನ್ನ ನೀವಿಬ್ರೂ ಹಂಚ್ಕೊಳ್ಳಿ. ನಂಗೆ ಸಂಬಳ ಕೊಡಿ.”

ಪಟಾಕಿ ಒಂದು ಕುರ್ಚಿ ಎಳೆದು ದೊಡ್ಡಮ್ಮನ ಪಕ್ಕ ಕೂತಳು. ಉಳಿದ ಹತ್ತು ಜನರೂ ಒಂದೊಂದು ಎಳೆದುಕೊಂಡರು. ಅಕ್ಕ ಎರಡು ಸಲ “ಇಂಟರ್ನ್!” ಅಂತ ಕೂಗಿದರು. ಒಂದು ತಲೆಯೂ ತಿರುಗಲಿಲ್ಲ. ಟೀ ಇಟ್ಟಲ್ಲೇ ಆರಿ ತಣ್ಣಗಾಯಿತು.