ನಾಲ್ಕನೆಯ ಸಾಲು

ಮುಖಗವಸು ಕೊಡದೆ ಇಬ್ಬರನ್ನು ಬಣ್ಣದ ತೊಟ್ಟಿ ತೊಳೆಯಲು ಇಳಿಸಿದರು. ಇಬ್ಬರೂ ಒಳಗೇ ಸತ್ತರು. ಗವಸು ಕೊಟ್ಟಿದ್ದೆವು, ಅವರೇ ಹಾಕಿಕೊಳ್ಳಲಿಲ್ಲ ಎಂದಿತು ಕಾರ್ಖಾನೆ. ಕೆಲಸದವರೆಲ್ಲ ಹಾಗೆಯೇ ಹೇಳಿದರು. ಕೊಡಲು ನನ್ನ ಹತ್ತಿರ ಗವಸೇ ಇರಲಿಲ್ಲ ಎಂದವನು ಉಗ್ರಾಣದವನೊಬ್ಬನೇ.

ಅವನೀಗ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಮಗಳು ಬಾಡಿಗೆಗೆ ತಂದ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದಳು. ಅಷ್ಟು ಜನ ಬರುವುದಿಲ್ಲವೆಂದು ಗೊತ್ತಾಗಿತ್ತು.

"ನನ್ನ ಸೊಸೆ ಅಡುಗೆ ಹೇಗಿದೆ ಅಂತ ಕೇಳಿದ್ರೆ, ಅವಳೆದುರೇ ಉಪ್ಪು ಜಾಸ್ತಿ ಅಂದಿದ್ದ," ಎಂದಳು ಪಕ್ಕದ ಮನೆಯ ಅಜ್ಜಿ. "ಇನ್ಮೇಲೆ ನಾವು ಉಪ್ಪುಪ್ಪೇ ತಿನ್ನಬೇಕು."

ಬಾಗಿಲ ಬಳಿ ನಿಂತಿದ್ದ ಬಾಯ್ಲರ್ ಮಾಮ, ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವ ಸತ್ತವನ ಹಳೆಯ ಗೆಳೆಯ, ನಗಲು ಹೋಗಿ ತಲೆ ತಗ್ಗಿಸಿದ.

ಕಾರ್ಖಾನೆಯ ಮೇಲ್ವಿಚಾರಕ ಹಾರ ಹಾಕಿ, ಮಗಳನ್ನು ಅಡುಗೆಮನೆಗೆ ಕರೆದ. ಅವಳಿಗೂ ಅದೇ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ಕೆಲಸ. ಕೇಸು ಮತ್ತೆ ವಿಚಾರಣೆಗೆ ಬರುತ್ತಿತ್ತು. ಕಾರ್ಖಾನೆಗೆ ಅಡ್ಡ ನಿಂತಿದ್ದದ್ದು ಅವಳ ಅಪ್ಪನ ಹೇಳಿಕೆಯೊಂದೇ.

"ಹೇಳಿಕೆ ಕೊಟ್ಟಾಗ್ಲೇ ಅಪ್ಪನಿಗೆ ಮರೆವು ಬಂದಿತ್ತು ಅಂತ ಒಂದು ಮಾತು ಹೇಳಮ್ಮ. ಫೋನಲ್ಲಿ ರೆಕಾರ್ಡ್ ಮಾಡ್ಕೋತೀನಿ. ಹೋದವರಿಗೆ ಇದರಿಂದ ಏನಾಗಬೇಕಿದೆ?"

ಹೇಳಿದರೆ ಕೆಲಸ ಕಾಯಂ, ಹೇಳದಿದ್ದರೆ ಗೇಟು ತೆರೆಯುವುದಿಲ್ಲ ಎಂಬುದನ್ನೂ ಮೆತ್ತಗೆ ತಿಳಿಸಿದ.

* * *

ಹಿಂದೆಲ್ಲ ದಿನಾ ಸಂಜೆ ಆ ಮನೆಯಲ್ಲಿ ಬುದ್ಧನ ಐದು ಶೀಲಗಳನ್ನು ಒಟ್ಟಿಗೆ ಹೇಳುತ್ತಿದ್ದರು. ಕೊಲ್ಲುವುದಿಲ್ಲ, ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ, ಹೀಗೆ. ಅಪ್ಪ ಮಾಡಿದ್ದ ಕಟ್ಟಳೆ ಒಂದೇ: ಅಂದು ಯಾವುದನ್ನು ಮುರಿದಿದ್ದೀಯೋ ಆ ಸಾಲಿಗೆ ಬಾಯಿ ಮುಚ್ಚು. ಯಾರೂ ಕಾರಣ ಕೇಳುವಂತಿಲ್ಲ. ಸೊಳ್ಳೆ ಹೊಡೆದ ದಿನ ಅಪ್ಪನೂ ಮೊದಲ ಸಾಲಿಗೆ ಸುಮ್ಮನಿರುತ್ತಿದ್ದ. ಮಗಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ಬಾಯ್ಲರ್ ಮಾಮನೂ ದಿನಾ ಬರುತ್ತಿದ್ದ. ತನಿಖೆಯಲ್ಲಿ ಎಲ್ಲರಂತೆ ಹೇಳಿಕೆ ಕೊಟ್ಟ ಸಂಜೆಯೂ ಬಂದ. ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯ ಸಾಲಿಗೆ ಅವನ ಬಾಯಿ ಮುಚ್ಚಿತು. ಅಪ್ಪ ಏನೂ ಕೇಳಲಿಲ್ಲ. ಮಾಮ ಮತ್ತೆ ಬರಲಿಲ್ಲ.

ಕ್ಯಾಂಟೀನಿನಲ್ಲಿ ಆಮೇಲೆ ಅಪ್ಪನ ಪಕ್ಕ ಯಾರೂ ಕೂರಲಿಲ್ಲ. ಆದರೂ ಅವನು ಬೆಂಚಿನ ತುದಿಗೆ ಸರಿದೇ ಕೂರುತ್ತಿದ್ದ, ಇನ್ನೊಬ್ಬರಿಗೆ ಜಾಗ ಬಿಟ್ಟು. ನಿವೃತ್ತಿಯಾಗುವವರೆಗೂ ಹಾಗೇ ಉಂಡ.

* * *

ಎತ್ತುವ ಮೊದಲು ಶೀಲ ಹೇಳಿಬಿಡೋಣ ಎಂದಳು ಅಜ್ಜಿ. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಮೇಲ್ವಿಚಾರಕ, ಐದನ್ನೂ. ನಾಲ್ಕನೆಯದಕ್ಕೆ ಬಾಯ್ಲರ್ ಮಾಮನ ತುಟಿ ಬಿಗಿಯಿತು. ಕುಡಿಯುವುದಿಲ್ಲ ಎಂಬ ಐದನೆಯದಕ್ಕೂ ಬಿಚ್ಚಿಕೊಳ್ಳಲಿಲ್ಲ.

ಮೇಲ್ವಿಚಾರಕ ಫೋನು ಹಿಡಿದ. "ಹೇಳಮ್ಮ, ಗಾಡಿ ಕಾಯ್ತಿದೆ."

"ಅಪ್ಪನಿಗೆ ಎಲ್ಲಾ ನೆನಪಿತ್ತು ಸಾರ್," ಎಂದಳು ಮಗಳು. "ಸತ್ತವರಿಬ್ಬರ ಹೆಸರೂ. ಇದನ್ನ ಬೇಕಾದ್ರೆ ರೆಕಾರ್ಡ್ ಮಾಡ್ಕೊಳ್ಳಿ."

ಅವನು ಮಾಮನ ಕಡೆ ತಿರುಗಿದ. "ನೀವಾದ್ರೂ ಬುದ್ಧಿ ಹೇಳ್ರೀ. ಇಲ್ಲಾ, ಆ ಮರೆವಿನ ಮಾತು ನೀವೇ ಹೇಳಿ."

ಬಾಯ್ಲರ್ ಮಾಮ ಗೋಡೆಗೊರಗಿದ್ದ ಕುರ್ಚಿಯೊಂದನ್ನು ಬಿಡಿಸಿ, ಗೆಳೆಯನ ಮಗ್ಗುಲಿಗೆ ಹಾಕಿಕೊಂಡು ಕೂತ.