ತೆರವಾದ ಮಂಗಳವಾರ

ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಸ್ಕ್ಯಾನಿಂಗ್ ವಿಭಾಗದ ಗಾಜಿನ ಕಿಟಕಿಯ ಹಿಂದೆ ಕೂತು ರೋಗಿಗಳಿಗೆ ದಿನ ಗೊತ್ತುಮಾಡಿಕೊಡುವ ಹೆಂಗಸಿಗೆ ಅಲ್ಲಿನವರೆಲ್ಲ ತಾರೀಖಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೇ ಹಾಗೆ ಕರೆದರೂ ಅವಳಿಗೆ ಬೇಸರವಿರಲಿಲ್ಲ. ಎಂಆರ್‌ಐ ಯಂತ್ರ ಇದ್ದದ್ದು ಒಂದೇ. ಕಾಯುವವರ ಸಾಲು ಹನುಮಂತನ ಬಾಲ. ವೈದ್ಯರು ಚೀಟಿಯ ಮೇಲೆ ‘ತುರ್ತು’ ಎಂದು ಬರೆದವರು ಸಾಲು ದಾಟಿ ಮುಂದೆ ಹೋಗುತ್ತಿದ್ದರು. ಉಳಿದವರು ವಾರಗಟ್ಟಲೆ ಕಾಯಬೇಕಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದು ಗೊಣಗಿಕೊಂಡು ಹೋದವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಪೂಜಾರಿಯ ಕೈಯಲ್ಲಿ ಏನೂ ಇಲ್ಲವೆಂದರೆ ನಂಬುವವರು ಯಾರು?

ಅವಳ ದೊಡ್ಡ ಆಸ್ತಿ ಅವಳ ದನಿ. ಎಷ್ಟೇ ಸಿಟ್ಟಿನಲ್ಲಿ ಫೋನ್ ಮಾಡಿದವರೂ ಅವಳೊಂದಿಗೆ ಎರಡು ಮಾತಾಡುವಷ್ಟರಲ್ಲಿ ತಣ್ಣಗಾಗುತ್ತಿದ್ದರು. ‘ಫೋನಲ್ಲಿ ಜೇನು ಸುರಿಸ್ತೀಯ, ಮನೆಗೆ ಬರೋ ಹೊತ್ತಿಗೆ ಡಬ್ಬಿ ಖಾಲಿ’ ಎಂದು ಅವಳ ಅತ್ತೆ ಛೇಡಿಸುತ್ತಿದ್ದರು. ಮಾತು ಸುಳ್ಳಲ್ಲ. ಇಡೀ ದಿನ ಮಾತಾಡಿ ಬಂದವಳಿಗೆ ಸಂಜೆ ಗಂಡನ ಜೊತೆಯೂ ‘ಹ್ಞೂಂ’, ‘ಊಹೂಂ’ಗಳಲ್ಲೇ ಸಂಸಾರ ನಡೆಯುತ್ತಿತ್ತು.

ಫೋನ್ ಮಾಡುವವರಲ್ಲಿ ಒಬ್ಬಾಕೆ ಮಾತ್ರ ಅವಳಿಗೆ ದನಿಯಿಂದಲೇ ಗುರುತಾಗಿಹೋಗಿದ್ದಳು. ಸಿಟಿ ಬಸ್ಸಿನ ಡ್ರೈವರೊಬ್ಬನ ಹೆಂಡತಿ. ಬಾಯಿ ತೆರೆಯುವ ಮುನ್ನ ಒಂದು ಸಣ್ಣ ನಗು ನಕ್ಕು, ಆಮೇಲೆ ವಿಷಯಕ್ಕೆ ಬರುತ್ತಿದ್ದಳು. ಬೆಳಗ್ಗೆ ಎದ್ದರೆ ತಲೆನೋವು, ವಾಂತಿ. ಆದರೆ ಆಕೆಯ ಚಿಂತೆಯೆಲ್ಲ ಆ ಯಂತ್ರದ್ದೇ.

‘ಮೇಡಂ, ಒಳಗೆ ಹೋದ್ಮೇಲೆ ಕೆಮ್ಮು ಬಂದ್ಬಿಟ್ರೆ?’

‘ಕೈಯಲ್ಲಿ ಒಂದು ಬೆಲ್ ಕೊಡ್ತಾರಕ್ಕ. ಒತ್ತಿದ್ರೆ ಸಾಕು, ನಿಲ್ಲಿಸ್ತಾರೆ.’

‘ಒತ್ತೋದು ಮರೆತುಹೋದ್ರೆ?’ ಎಂದು ಮತ್ತೆ ನಗು. ಇನ್ನೊಂದು ಸಲ, ‘ಸ್ವಲ್ಪ ಮುಂಚೆ ಏನಾದ್ರೂ ಸಿಗುತ್ತಾ?’ ಎಂದು ಕೇಳಿದ್ದಳು. ಯಾರಾದರೂ ಬಿಟ್ಟುಕೊಟ್ಟರೆ ಕರೆಯುತ್ತೇನೆಂದು ತಾರೀಖಮ್ಮ ಹೇಳಿದ್ದಳು. ಯಾರೂ ಬಿಟ್ಟುಕೊಡಲಿಲ್ಲ.

ಸ್ಕ್ಯಾನಿಗೆ ಕೆಲವು ದಿನ ಇರುವಾಗ ಎಲ್ಲರಿಗೂ ಫೋನ್ ಮಾಡಿ ಜ್ಞಾಪಿಸುವುದು ಅವಳ ಕೆಲಸದಲ್ಲೊಂದು. ಆಕೆಗೂ ಮಾಡಿದಳು. ಎತ್ತಿದ್ದು ಗಂಡಸಿನ ದನಿ.

‘ಮಂಗಳವಾರ ಸ್ಕ್ಯಾನ್ ಇದೆ, ಜ್ಞಾಪಿಸೋಣ ಅಂತ ಮಾಡಿದೆ.’

‘ಅವಳಿಲ್ಲ.’

‘ಬಂದ ಮೇಲೆ ಹೇಳ್ತೀರಾ?’

ಆ ಕಡೆ ಹಿಂದೆಲ್ಲೋ ಪಾತ್ರೆಯ ಸದ್ದು. ‘ಇಲ್ಲಮ್ಮ. ಹೋಗ್ಬಿಟ್ಟಳು. ಹೋದ ವಾರ.’

ತಾರೀಖಮ್ಮನ ನಾಲಿಗೆಯಲ್ಲಿದ್ದ ಜೇನೆಲ್ಲ ಆ ಕ್ಷಣಕ್ಕೆ ಆರಿಹೋಯಿತು. ತುಂಬಾ ಬೇಸರವಾಯಿತು ಎಂದಳು. ನೀವೇನೂ ಮಾಡಬೇಕಾಗಿಲ್ಲ, ನಾನೇ ರದ್ದು ಮಾಡುತ್ತೇನೆ ಎಂದಳು. ಆತ ಫೋನ್ ಇಡಲಿಲ್ಲ.

‘ಆ ಹೊತ್ತನ್ನ ಈಗ ಯಾರಿಗೆ ಕೊಡ್ತೀರಿ?’

‘ಸಾಲಲ್ಲಿ ಮುಂದೆ ಯಾರಿದ್ದಾರೋ ಅವರಿಗೆ.’

‘ಹಾಗಾ’ ಎಂದು ಆತ ಫೋನ್ ಇಟ್ಟ.

ರದ್ದು ಮಾಡಲು ಕಾರಣ ಬೇಕೆಂದು ಕಂಪ್ಯೂಟರ್ ಕೇಳಿತು. ರೋಗಿ ಬರಲಿಲ್ಲ, ರೋಗಿ ಬೇಡವೆಂದರು, ಯಂತ್ರ ಕೆಟ್ಟಿದೆ, ಇತರೆ. ಅವಳು ‘ಇತರೆ’ ಒತ್ತಿದಳು. ತೆರೆಯ ಮೇಲೆ, ಭರ್ತಿಯಾಗಿದ್ದ ಮಂಗಳವಾರದ ನಡುವೆ ಒಂದು ಬಿಳಿ ಚೌಕ ಮೂಡಿತು.

ಅವಳ ನಾದಿನಿಗೆ ಮೊಣಕಾಲು ನೋವು. ಆಕೆಯೂ ಇದೇ ಸಾಲಿನ ತುದಿಯಲ್ಲೆಲ್ಲೋ ಇದ್ದಳು. ‘ಯಾರಾದ್ರೂ ಬಿಟ್ರೆ ನನ್ನ ಹೆಸರು ತೂರಿಸಿಬಿಡು ಅತ್ತಿಗೆ, ಅಲ್ಲಿ ಕೂತು ಇಷ್ಟೂ ಆಗಲ್ವಾ’ ಎಂದು ಭಾನುವಾರವಷ್ಟೇ ಹೇಳಿಹೋಗಿದ್ದಳು. ತೂರಿಸಿದ್ದರೆ ಕೇಳುವವರಿರಲಿಲ್ಲ. ಬಿಳಿ ಚೌಕವನ್ನೇ ನೋಡುತ್ತ ಕೂತ ತಾರೀಖಮ್ಮನಿಗೆ, ಆ ಜಾಗದಲ್ಲಿ ಮೊಣಕಾಲನ್ನು ಕೂರಿಸುವುದು ಯಾಕೋ ಗಂಟಲಲ್ಲಿ ಇಳಿಯಲಿಲ್ಲ. ಸಾಲಿನಲ್ಲಿ ಮುಂದಿದ್ದವಳು ಬಟ್ಟೆ ಹೊಲಿಯುವ ಹೆಂಗಸು. ಅವಳಿಗೆ ಫೋನ್ ಮಾಡಿದಳು.

‘ಮಂಗಳವಾರಾನಾ? ಬರ್ತೀನಿ ಅಕ್ಕ, ಖಂಡಿತ ಬರ್ತೀನಿ. ಒಂದು ಸೂಜಿ ಎರಡಾಗಿ ಕಾಣುತ್ತೆ ನನಗೆ. ಯಾವುದರ ಕಣ್ಣಿಗೆ ದಾರ ಪೋಣಿಸ್ಲಿ ಹೇಳಿ. ಅಂದಹಾಗೆ, ಅವರು ಯಾಕೆ ಬಿಟ್ರು?’

‘ಅವರಿಗೆ ಈಗ ಬೇಕಾಗಿಲ್ಲ.’

‘ವಾಸಿ ಆಯ್ತಾ? ಪುಣ್ಯವಂತರು. ಯಾರದೋ ಒಳ್ಳೇದು ನನಗೂ ಒಳ್ಳೇದಾಯ್ತು ನೋಡಿ.’

ತಾರೀಖಮ್ಮ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಏನು ಹಾಕಿಕೊಂಡು ಬರಬೇಕು, ಏನು ಹಾಕಿಕೊಳ್ಳಬಾರದು ಎಂದು ಒಪ್ಪಿಸಿ ಫೋನ್ ಇಟ್ಟಳು.

ಸಂಜೆ ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಎಲ್ಲ ಹೇಳಿಕೊಂಡಳು. ತಾನಾಗಿ ಮಾತಾಡದ ಸೊಸೆ ಬಾಯಿ ಬಿಟ್ಟಳೆಂದು ಅತ್ತೆ ಒಲೆ ಆರಿಸಿ ಕೂತು ಕೇಳಿದರು.

‘ಸುಳ್ಳು ಹೇಳಿದ ಹಾಗಾಯ್ತಲ್ಲ ಅತ್ತೆ. ಸತ್ತವರ ಜಾಗಕ್ಕೆ ಅವಳನ್ನ ಕರೆದಿದ್ದೀನಿ.’

‘ಸತ್ತವರದಲ್ಲದ ಜಾಗ ಯಾವುದಿದೆ ತೋರಿಸು. ಈ ಮನೇಲಿ ನಾನು ಕಾಲಿಟ್ಟಾಗ ಯಾರಿದ್ರು, ಈಗ ಯಾರಿದ್ದಾರೆ? ನಿನ್ನ ನಾದಿನಿ ಕಿವಿಗೆ ಮಾತ್ರ ಇದು ಬೀಳದ ಹಾಗೆ ನೋಡ್ಕೊ. ಮೂಗಿನ ತುದೀಲೇ ಕೋಪ ಅವಳಿಗೆ.’

ಮಂಗಳವಾರ ಬಂತು. ಕಾಯುವ ಕೋಣೆಯ ಕುರ್ಚಿಗಳನ್ನೆಲ್ಲ ಒಂದೇ ಕಬ್ಬಿಣದ ಪಟ್ಟಿಗೆ ಬಿಗಿದಿದ್ದರು. ಒಬ್ಬರು ಕಾಲು ಕುಣಿಸಿದರೆ ಸಾಲಿನಲ್ಲಿದ್ದವರೆಲ್ಲ ನಡುಗಬೇಕು. ಹೊಲಿಗೆಯವಳು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು, ಒಬ್ಬಳೇ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಇಸ್ತ್ರಿ ಮಾಡದ ಅಂಗಿಯ ನಡುವಯಸ್ಸಿನ ಗಂಡಸೊಬ್ಬ ಕಿಟಕಿಯ ಮುಂದೆ ಬಂದು ನಿಂತ. ತಾರೀಖಮ್ಮ ‘ಹೇಳಿ’ ಎಂದಳು.

‘ಮೊನ್ನೆ ಫೋನ್ ಮಾಡಿದ್ದು ನೀವೇ. ದನಿ ಗೊತ್ತಾಯ್ತು.’

ಅವಳಿಗೂ ಗೊತ್ತಾಯಿತು. ‘ಯಾಕೆ ಬಂದ್ರಿ ಅಣ್ಣ?’

‘ಅವಳನ್ನ ಕರ್ಕೊಂಡು ಬರೋಕೆ ಅಂತ ಇವತ್ತಿಗೆ ಮೊದಲೇ ರಜಾ ಹಾಕಿದ್ದೆ. ಮನೇಲಿ ಕೂರೋಕಾಗ್ಲಿಲ್ಲ. ನಿಮ್ಮನ್ನ ಒಂದು ಮಾತು ಕೇಳಬೇಕು.’

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ‘ಎತ್ತಿ, ಎತ್ತಿ. ಕಾಯೋದೇನು ನನಗೆ’ ಎಂದು ಆತ ಹಿಂದೆ ಸರಿದ. ಹೋಗಿ ಕೂತದ್ದು ಖಾಲಿಯಿದ್ದ ಒಂದೇ ಕುರ್ಚಿಯಲ್ಲಿ, ಹೊಲಿಗೆಯವಳ ಪಕ್ಕ.

ಸ್ಕ್ಯಾನ್ ಟೆಕ್ನಿಷಿಯನ್ ಹೊರಗೆ ಬಂದು, ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಿ ಎಂದು ಅವಳಿಗೆ ಹೇಳಿಹೋದ. ಅವಳು ಕಿವಿಯೋಲೆ ತೆಗೆದಳು. ಕುತ್ತಿಗೆಪಟ್ಟಿಯ ಒಳಗಿಂದ ಒಂದು ಗುಂಡುಸೂಜಿ ತೆಗೆದಳು. ತೋಳಿನ ಮಡಿಕೆಯಿಂದ ಇನ್ನೊಂದು. ಸೆರಗಿನಿಂದ ಪಿನ್ನು. ಪಕ್ಕದಲ್ಲಿದ್ದ ಡ್ರೈವರ್ ತನ್ನ ಕರವಸ್ತ್ರ ಬಿಡಿಸಿ ಹಿಡಿದ. ಅವಳು ತೆಗೆಯುತ್ತಲೇ ಇದ್ದಳು, ಅದು ತುಂಬುತ್ತಲೇ ಇತ್ತು.

‘ಏನಮ್ಮಾ ಇದು, ಮುಳ್ಳುಹಂದಿ ಪಕ್ಕ ಕೂತಿದ್ನಾ ಇಷ್ಟೊತ್ತು?’ ಎಂದ ಡ್ರೈವರ್. ಅವಳು ನಕ್ಕಳು.

ಗಾಜಿನ ಹಿಂದೆ ತಾರೀಖಮ್ಮನಿಗೆ ಮುಂದಿನ ಮಾತು ಕೇಳಿಸಲಿಲ್ಲ. ಕಿವಿಗೆ ಒತ್ತಿಹಿಡಿದಿದ್ದ ಫೋನಿನಲ್ಲಿ ಯಾರೋ ತಮ್ಮ ಹೆಸರಿನ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದರು. ಹೊಲಿಗೆಯವಳು ಏನೋ ಕೇಳಿದ್ದು ಕಂಡಿತು. ಡ್ರೈವರ್ ತಲೆ ತಗ್ಗಿಸಿ ಏನೋ ಹೇಳಿದ್ದು ಕಂಡಿತು. ಎದ್ದು ನಡುವೆ ಹೋಗಿ ನಿಲ್ಲೋಣವೆಂದರೆ ಫೋನಿನ ವೈರು ಕಿಟಕಿ ದಾಟುವುದಿಲ್ಲ. ಹೊಲಿಗೆಯವಳು ಎದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ನೇರ ಕಿಟಕಿಗೆ ಬಂದಳು.

‘ಅವರಿಗೆ ವಾಸಿಯಾಗಿರಲಿಲ್ಲ.’

‘ಇಲ್ಲ.’

‘ನೀವು ಹೇಳಲಿಲ್ಲ.’

‘ಹೇಳಿದ್ರೆ ನೀವು ಬರ್ತಿರಲಿಲ್ಲ.’

‘ಬರ್ತಿರಲಿಲ್ಲ’ ಎಂದು ಅವಳು ಒಪ್ಪಿಕೊಂಡಳು. ‘ನನಗೆ ಭಯ ಆಗ್ತಿದೆ ಅಕ್ಕ. ಬೇರೆ ದಿನ ಕೊಡಿ.’

ಬೇರೆ ದಿನವೆಂದರೆ ಮತ್ತೆ ವಾರಗಟ್ಟಲೆ. ತಾರೀಖಮ್ಮ ಅದನ್ನು ಹೇಳುವಷ್ಟರಲ್ಲಿ, ಕರವಸ್ತ್ರದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಡ್ರೈವರ್ ಬಂದು ನಿಂತ.

‘ನಾನು ಬಾಯಿ ಬಿಡಬಾರದಿತ್ತು. ನೋಡಮ್ಮ, ನೀನು ಹೋಗದಿದ್ರೆ ಅದು ಸುಮ್ಮನೆ ಖಾಲಿ ಹೋಗುತ್ತೆ, ಅಷ್ಟೇ. ನನ್ನ ಹೆಂಡತಿಗೆ ತಟ್ಟೇಲಿ ಒಂದು ತುತ್ತು ಬಿಟ್ರೂ ಆಗ್ತಿರಲಿಲ್ಲ. ಬೈದು ಬೈದು ಉಣ್ಣಿಸೋಳು. ಹೋಗು. ಒಳಗೆ ಕೆಮ್ಮು ಬಂದ್ರೆ ಬೆಲ್ ಇದೆಯಂತೆ.’

ಹೊಲಿಗೆಯವಳು ಅವನನ್ನೊಮ್ಮೆ, ಒಳಗಿನ ಬಾಗಿಲನ್ನೊಮ್ಮೆ ನೋಡಿದಳು. ‘ನಾನು ಬರೋವರೆಗೂ ಇರ್ತೀರಾ ಅಣ್ಣ?’

‘ನಿನ್ನ ಸೂಜಿ ಕಾರ್ಖಾನೆ ಬಿಟ್ಟು ಎಲ್ಲಿಗೆ ಹೋಗ್ಲಿ?’

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಯಂತ್ರ ಢಬಢಬ ಎನ್ನತೊಡಗಿತು. ಡ್ರೈವರ್ ಕಿಟಕಿ ಬಿಟ್ಟು ಕದಲಲಿಲ್ಲ.

‘ನಿಜ ಹೇಳ್ಬೇಕು ಅಂದ್ರೆ ಜಗಳ ಆಡೋಕೇ ಬಂದಿದ್ದೆ’ ಎಂದ. ‘ಅವಳಿಗೆ ಮೊದಲೇ ಕೊಟ್ಟಿದ್ರೆ ಉಳೀತಿದ್ಲಾ ಅಂತ ನಿಮ್ಮನ್ನ ಕೇಳೋಣ ಅಂತ.’

‘ನನಗೆ ಗೊತ್ತಿಲ್ಲ ಅಣ್ಣ. ವೈದ್ಯರನ್ನ ಕೇಳಿದ್ರಾ?’

‘ಅವರೂ ಹೇಳೋಕಾಗಲ್ಲ ಅಂದ್ರು.’

‘ಅವತ್ತಿಂದ ನಾನೂ ಅದನ್ನೇ ಯೋಚನೆ ಮಾಡ್ತಿದ್ದೀನಿ.’

ಡ್ರೈವರ್ ಗಂಟಿನ ಮೇಲೆ ಬೆರಳಾಡಿಸಿದ. ‘ನಿಮ್ಮೊಬ್ಬರ ಮೇಲೆ ಹೊರಿಸೋ ಹಾಗಿಲ್ಲ. ಕೊನೇ ದಿನಗಳಲ್ಲಿ ಅವಳಿಗೆ ಜಾಸ್ತಿಯಾಗಿತ್ತು. ಮಾತು ತೊದಲೋದು. ಆಸ್ಪತ್ರೆಗೆ ಹೋಗೋಣ ನಡಿ ಅಂದೆ. ತಾರೀಖು ಕೊಟ್ಟಿದ್ದಾರಲ್ಲ, ಅವತ್ತೇ ಹೋದ್ರಾಯ್ತು, ಮಧ್ಯೆ ಹೋಗಿ ತೊಂದರೆ ಕೊಡೋದ್ಯಾಕೆ ಅಂದ್ಲು. ಆ ಮೇಡಂ ಪಾಪ ಒಳ್ಳೆಯವರು ಅಂದ್ಲು. ನಾನೂ ಸುಮ್ಮನಾದೆ.’

ದಿನ ಕೊಡುವಾಗ ತಾರೀಖಮ್ಮ ಹೇಳುತ್ತಿದ್ದ ಮಾತು ಒಂದೇ: ‘ಆ ದಿನ ತಪ್ಪಿಸ್ಕೋಬೇಡಿ.’ ಅದಕ್ಕೂ ಮುಂಚೆ ಬರಬಾರದೆಂದು ಅವಳು ಯಾರಿಗೂ ಹೇಳಿದವಳಲ್ಲ. ಬರಬಹುದೆಂದೂ ಹೇಳಿರಲಿಲ್ಲ. ಫೋನ್ ಹೊಡೆದುಕೊಳ್ಳುತ್ತಿತ್ತು. ಆ ಒಂದು ಸಲ ಅವಳು ಎತ್ತಲಿಲ್ಲ. ಇಬ್ಬರೂ ಗಾಜಿನ ಆಚೀಚೆ ಯಂತ್ರದ ಸದ್ದು ಕೇಳುತ್ತ ನಿಂತರು.

ಹೊಲಿಗೆಯವಳು ಕೂದಲು ಕೆದರಿಕೊಂಡು, ಬದುಕಿ ಬಂದವಳ ಮುಖದಲ್ಲಿ ಹೊರಬಂದಳು. ‘ಸದ್ದು ನಮ್ಮ ಹಳೇ ಮಷೀನಿನ ಹಾಗೇ ಇದೆ’ ಎಂದಳು. ಡ್ರೈವರ್ ಅವಳ ಸೂಜಿಗಳನ್ನು ಒಪ್ಪಿಸಿ, ಇಬ್ಬರಿಗೂ ಕೈ ಮುಗಿದು ಹೋದ.

ಸ್ಕ್ಯಾನಿನಲ್ಲಿ ತಿಳಿದಂತೆ, ಹೊಲಿಗೆಯವಳ ಕಣ್ಣಿನ ಹಿಂದೆ ಒಂದು ಗಂಟು ಬೆಳೆದಿತ್ತು. ಕೆಟ್ಟ ಜಾತಿಯದಲ್ಲ, ಆದರೆ ನರವನ್ನು ಒತ್ತುತ್ತಿತ್ತು. ವೈದ್ಯರು ತಡಮಾಡದೆ ಆಪರೇಷನ್ ಮಾಡಿ ತೆಗೆದರು. ತಿಂಗಳುಗಳ ಮೇಲೆ ಮರುಪರೀಕ್ಷೆಗೆ ದಿನ ಕೇಳಲು ಬಂದಾಗ ಎಡಗಣ್ಣಿನ ರೆಪ್ಪೆ ಸ್ವಲ್ಪ ಜೋತಿತ್ತು. ಸೂಜಿ ಮಾತ್ರ ಈಗ ಒಂದೇ ಕಾಣುತ್ತಿತ್ತಂತೆ. ಡ್ರೈವರ್ ಆಗೀಗ ಅಂಗಿ ಹೊಲಿಸುವ ನೆಪದಲ್ಲಿ ಅಂಗಡಿಗೆ ಬರುತ್ತಾನಂತೆ. ‘ಬಾಯಿ ತೆರೆದ್ರೆ ಹೆಂಡತಿ ವಿಷಯಾನೇ ಆ ಅಣ್ಣಂದು. ನನಗೂ ಆ ಅಕ್ಕ ಪರಿಚಯ ಆಗ್ಬಿಟ್ಟಿದ್ದಾರೆ’ ಎಂದಳು.

ನಾದಿನಿಗೆ ವಿಷಯ ಹೇಗೋ ತಿಳಿಯಿತು. ಕೆಲವು ದಿನ ಮಾತು ಬಿಟ್ಟಳು. ತನ್ನ ಸರದಿ ಬಂದಾಗ ಆ ನಡುಗುವ ಕುರ್ಚಿಯಲ್ಲಿ ಕಾದು ಕೂತು, ಕೊನೆಗೆ ಕಿಟಕಿಗೆ ಬಂದು, ‘ಇಲ್ಲಿ ಇಷ್ಟು ಹೊತ್ತು ಕೂತ್ರೆ ಇಲ್ಲದ ಮೊಣಕಾಲೂ ನೋಯುತ್ತೆ’ ಎಂದಳು. ಅಲ್ಲಿಗೆ ರಾಜಿಯಾದಂತೆ.

ತಾರೀಖಮ್ಮ ಈಗ ಯಾರಿಗೇ ದಿನ ಕೊಟ್ಟರೂ ಕೊನೆಯಲ್ಲಿ ಇನ್ನೊಂದು ಮಾತು ಸೇರಿಸುತ್ತಾಳೆ: ‘ಅಷ್ಟರೊಳಗೆ ಜಾಸ್ತಿಯಾದ್ರೆ ಈ ತಾರೀಖಿಗೆ ಕಾಯ್ಬೇಡಿ. ತಕ್ಷಣ ವೈದ್ಯರ ಹತ್ರ ಹೋಗಿ.’ ಒಂದೊಂದು ಫೋನಿಗೂ ಬಹಳ ಹೊತ್ತು ಹಿಡಿಯುತ್ತಿದೆಯೆಂದು ವಿಭಾಗದ ಮೇಲ್ವಿಚಾರಕರು ಒಮ್ಮೆ ಆಕ್ಷೇಪಿಸಿದರು. ಅವಳು ಹ್ಞೂಂ ಎಂದು ಕೇಳಿಸಿಕೊಂಡು, ಮುಂದಿನ ಫೋನಿನಲ್ಲೂ ಅದನ್ನೇ ಹೇಳಿದಳು. ಆ ಕಡೆ ಇದ್ದದ್ದು ಕಿವಿ ಮಂದವಾದ ಒಬ್ಬ ಮುದುಕ.

‘ಕಾಯ್ಬೇಡಿ ಅಂದ್ರೆ, ಮತ್ತೆ ತಾರೀಖು ಯಾಕಮ್ಮ ಕೊಟ್ಟೆ?’ ಎಂದ.

ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ‘ಹೇಳ್ತೀನಿ ತಾತ, ಕೇಳಿ’ ಎಂದು ಮೊದಲಿನಿಂದ ಶುರುಮಾಡಿದಳು.